ಆರಡಿ ಹತ್ತಿಂಚಿನ ಪ್ರಯಾಣಿಕರು

ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಸಣ್ಣ ಮಾಡೆಲ್ ಶೆಡ್ಡು. ಹೊಟ್ಟೆಪಾಡೆಲ್ಲ ಅಪಾರ್ಟ್‌ಮೆಂಟ್ ಮಾಡೆಲ್‌ಗಳಿಂದಲೇ. 1:100, ಅಂದರೆ ನಿಜವಾದದ್ದರ ನೂರರಲ್ಲೊಂದು ಅಳತೆ, ಜಾಗ ಜಾಸ್ತಿ ಇದ್ದರೆ 1:200. ಅದರಲ್ಲಿ ನಿಲ್ಲಿಸುವ ಮನುಷ್ಯರನ್ನು ಯಾರೂ ಅಳೆದು ನೋಡುವುದಿಲ್ಲ. ಸ್ವಿಮ್ಮಿಂಗ್ ಪೂಲ್ ದೊಡ್ಡದಾಗಿ ಕಾಣಲಿ ಅಂತ ಪಕ್ಕದಲ್ಲಿ ಬೇಕಂತಲೇ ಪುಟಾಣಿ ಬೊಂಬೆ ಇಡಿಸುವ ಗಿರಾಕಿಗಳೂ ಇದ್ದಾರೆ!

ಇದೇ ರೂಢಿಯಲ್ಲಿದ್ದ ನನಗೆ ಒಂದು ರೈಲು ಲೇಔಟ್ ಕೆಲಸ ಬಂತು. ಮಲ್ಲೇಶ್ವರದವರೊಬ್ಬರು ತಮ್ಮ ಅಪ್ಪನಿಗೆ ಮಾಡಿಸುತ್ತಿದ್ದರು. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಎಂಟಡಿ ನಾಲ್ಕಡಿ ಪ್ಲೈವುಡ್, ಒಂದು ಹಳೇ ಕಾಲದ ಸ್ಟೇಷನ್, ಸುತ್ತು ಹಾಕುವ ರೈಲು. ಎಚ್‌ಒ ಸ್ಕೇಲು, ಅಂದರೆ 1:87.

ಕಟ್ಟಡ, ಹಳಿ ಎಲ್ಲ ಸರಿಯಾಗಿಯೇ ಬಂತು. ನೂರು ಬೊಂಬೆ ತರಿಸಿದೆ. ಪ್ಯಾಕೆಟ್ ಮೇಲೆ 'ಎಚ್‌ಒ/ಒಒ' ಅಂತಿತ್ತು. ಎಚ್‌ಒ ಇದೆಯಲ್ಲ, ಸಾಕು ಅಂದುಕೊಂಡೆ. ಬೊಂಬೆಗಳೆಲ್ಲ ಕೋಟು, ಟೋಪಿ ಹಾಕಿದ ಯೂರೋಪಿನ ಜನ. ಶೆಡ್ಡಿನಲ್ಲಿ ಎಲ್ಲರೂ ಮಾಮ ಅಂತ ಕರೆಯುವ ನಮ್ಮ ಹಿರಿಯ ಪೇಂಟರ್ ಎರಡು ದಿನ ಕೂತು ಅವರನ್ನು ನಮ್ಮೂರಿನವರನ್ನಾಗಿ ಮಾಡಿದರು. ಟೋಪಿ ಕೆರೆದರು. ಟಿಶ್ಯೂ ಕಾಗದವನ್ನು ಫೆವಿಕಾಲ್ ನೀರಲ್ಲಿ ಅದ್ದಿ, ಚಿಮುಟದಲ್ಲಿ ಹಿಡಿದು ಹೆಗಲ ಮೇಲೆ ಸೆರಗು ಹೊದಿಸಿದರು. ಸಾಸಿವೆಯಷ್ಟು ಎಂ-ಸೀಲ್ ಒತ್ತಿ ತುರುಬು ಮಾಡಿದರು. ಕೂಲಿಗಳಿಗೆ ಕೆಂಪು ಅಂಗಿ. ನಾನು ಫೆವಿಕ್ವಿಕ್ ಹಾಕಿ ಎಲ್ಲರನ್ನೂ ಪ್ಲಾಟ್‌ಫಾರ್ಮಿಗೆ ಅಂಟಿಸಿದೆ.

ಆಮೇಲೆ ಆ ರಿಟೈರ್ಡ್ ಗಾರ್ಡ್ ಯಜಮಾನರೇ ನೋಡಲು ಬಂದರು. ಸ್ಟೂಲ್ ಎಳೆದುಕೊಂಡು ಕೂತು, ಕಣ್ಣನ್ನು ಪ್ಲಾಟ್‌ಫಾರ್ಮ್ ಮಟ್ಟಕ್ಕೆ ಇಳಿಸಿದರು. ಒಂದು ನಿಮಿಷವೂ ಆಗಿರಲಿಲ್ಲ.

"ಏನಪ್ಪಾ, ಇವನು ಬೋಗಿ ಹತ್ತೋಕೆ ಹೋದ್ರೆ ತಲೆ ಹೊಡಿಸ್ಕೊಳ್ತಾನಲ್ಲ?"

ಕ್ಯಾಲಿಪರ್ ತಂದು ಹಿಡಿದೆ. ಬೋಗಿಯ ಬಾಗಿಲು 22 ಮಿ.ಮೀ. ಮನುಷ್ಯ 24. ಎಂಬತ್ತೇಳರಿಂದ ಗುಣಿಸಿದರೆ 2,088 ಮಿ.ಮೀ., ಅಂದರೆ ಆರಡಿ ಹತ್ತಿಂಚು! ಹೀಗೆ ನಲವತ್ತು ಚಿಲ್ಲರೆ ಜನ ನಿಂತಿದ್ದರು, ಬಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ ಹೊರಟವರ ಹಾಗೆ.

ಎಡವಟ್ಟು ಆಗಿದ್ದು ಆ ಓರೆಗೆರೆಯಿಂದ. ಒಒ ಬ್ರಿಟನ್ನಿನ ಸ್ಕೇಲು, 1:76. ಅಲ್ಲಿನ ಇಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. 1:87ಕ್ಕೆ ಇಳಿಸಿದರೆ ಆ ಕಾಲದ ಮೋಟರ್ ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಬಾಡಿಯನ್ನು ಮಾತ್ರ ದೊಡ್ಡದು ಮಾಡಿ, ಎರಡು ಹಳಿಗಳ ನಡುವಿನ ಅಗಲವನ್ನು ಎಚ್‌ಒನದೇ 16.5 ಮಿ.ಮೀ. ಇಟ್ಟುಕೊಂಡರು. ಎರಡೂ ಒಂದೇ ಹಳಿಯ ಮೇಲೆ ಓಡುವುದರಿಂದ ಅಂಗಡಿಯವರು ಒಟ್ಟಿಗೆ ಕಟ್ಟಿ ಮಾರುತ್ತಾರೆ. ಒಒನಲ್ಲಿ 24 ಮಿ.ಮೀ. ಅಂದರೆ ಸರಿಯಾಗಿ ಆರಡಿ. ಬೊಂಬೆಯದ್ದೇನೂ ತಪ್ಪಿಲ್ಲ, ಬಂದು ನಿಂತ ಊರು ಬೇರೆ ಅಷ್ಟೇ.

ತಮಾಷೆ ಏನು ಗೊತ್ತಾ? ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಲೆಕ್ಕಕ್ಕೆ ಮಾಡೆಲ್ ಹಳಿಯ ಅಗಲ 19.3 ಇರಬೇಕಿತ್ತು. ನಾನು ಹಾಕಿದ್ದು ಪೇಟೆಯಲ್ಲಿ ಸಿಗುವ 16.5. ಜೀವನವಿಡೀ ಹಳಿ ನೋಡಿದ ಯಜಮಾನರು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಮನುಷ್ಯನ ಮೇಲಿನ ಎರಡು ಮಿಲಿಮೀಟರ್ ಮಾತ್ರ ತಕ್ಷಣ ಸಿಕ್ಕಿಬಿತ್ತು. ಬಾಗಿಲು, ಬೆಂಚು, ಆಟೋ ಹತ್ತಿರ ಬೊಂಬೆ ಇಟ್ಟರೆ ಎತ್ತರ ಅಡಗಿಸಲು ಆಗುವುದಿಲ್ಲ. ಆಟೋ ಹೆಚ್ಚುಕಡಿಮೆ ಒಬ್ಬ ಆಳಿನಷ್ಟೇ ಎತ್ತರ, ಅಲ್ವಾ?

ಬ್ಲೇಡ್ ಹಿಡಿದು ಒಬ್ಬೊಬ್ಬರನ್ನೇ ಕಿತ್ತೆವು. ಕೆಲವರ ಪಾದ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಮಾಮ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು. ಅಕ್ರಿಲಿಕ್ ಶೀಟಿನಲ್ಲಿ 21 ಮಿ.ಮೀ. ಎತ್ತರದ ಕಮಾನು ಲೇಸರ್ ಕಟ್ ಮಾಡಿಸಿದೆ. ಬೊಂಬೆ ಅದರಡಿ ತೂರಬೇಕು. 18ರಿಂದ 21ರವರೆಗೆ ಏನೂ ತೊಂದರೆ ಇಲ್ಲ. ಐದಡಿ ಒಂದೂವರೆ ಇಂಚಿನಿಂದ ಆರಡಿವರೆಗಿನ ಜನ ಮೆಜೆಸ್ಟಿಕ್ಕಿನಲ್ಲಿ ದಿನಾ ಸಿಗುತ್ತಾರೆ. ಎಲ್ಲರೂ ಒಂದೇ ಎತ್ತರ ಇದ್ದರೇ ವಿಚಿತ್ರ. ಕಾಲಡಿಯ ಪೀಠವನ್ನೂ ಕತ್ತರಿಸಿದೆವು. ಒಂದು ಮಿಲಿಮೀಟರ್ ದಪ್ಪದ ಪೀಠ ಅಂದರೆ ಪ್ರತಿಯೊಬ್ಬನೂ ಮೂರೂವರೆ ಇಂಚಿನ ಮಣೆ ಮೇಲೆ ನಿಂತ ಹಾಗೆ.

ಉದ್ದದವರನ್ನು ಎಸೆಯಲಿಲ್ಲ. ಅರ್ಧದಷ್ಟು ಜನರ ಕಾಲು ಕತ್ತರಿಸಿ ಬೋಗಿಯೊಳಗೆ ಕೂರಿಸಿದೆವು, ಕಿಟಕಿಯಲ್ಲಿ ಬರೀ ತಲೆ, ಭುಜ ಕಾಣುತ್ತದೆ. ಉಳಿದವರು ಮುಂದಿನ ಅಂಚಿನ ಹೊಲದಲ್ಲಿ, ಯಾವ ಬಾಗಿಲೂ ಹತ್ತಿರ ಇಲ್ಲದ ಕಡೆ. ಹಿಂದಿನ ಗುಡ್ಡದ ಮೇಲೆ 1:160ರ ಬೊಂಬೆಗಳು, ಹನ್ನೊಂದೇ ಮಿ.ಮೀ. ಆ ಗುಡ್ಡ ನಿಜಕ್ಕೂ ದೂರ ಇದೆ ಅನ್ನಿಸುತ್ತದೆ. ಅಳೆದು ಮಾಡಿದ ಮೋಸ ಇದು.

ಡೆಲಿವರಿ ದಿನ ಯಜಮಾನರು ಮತ್ತೆ ಸ್ಟೂಲ್ ಎಳೆದು ಕೂತರು. ಬಾಗಿಲು ನೋಡಿದರು, ಹತ್ತುತ್ತಿದ್ದವನನ್ನು ನೋಡಿದರು, ತಲೆಯಾಡಿಸಿದರು. ರೈಲು ಬಿಟ್ಟೆ. ಕೊನೆಯ ಬೋಗಿ ದಾಟುವಾಗ ಕೈ ಎತ್ತಿದರು.

"ಗಾರ್ಡ್ ಎಲ್ಲಪ್ಪಾ?"

ಮಾಮ ಅಲ್ಲೇ ಡಬ್ಬಿ ತೆಗೆದು ಇಪ್ಪತ್ತು ಮಿಲಿಮೀಟರಿನವನೊಬ್ಬನಿಗೆ ಬಿಳಿ ಬಣ್ಣ ಬಳಿಯಲು ಕೂತರು. ನಾನು ಹಸಿರು ಬಾವುಟಕ್ಕೆ ಟಿಶ್ಯೂ ಕತ್ತರಿಸಿದೆ.