ಶುಕ್ರವಾರದೊಳಗೆ ಹೇಳಬೇಕು

9 ನವೆಂಬರ್ 2025, ಭಾನುವಾರ ರಾತ್ರಿ, ಬೆಂಗಳೂರು

ಮಗಳು ಈಗಷ್ಟೇ ಮಲಗಿದಳು. ಇವರು ನಾಳೆಯ ಪಾಠಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದಾರೆ. ನಾನು ಮತ್ತೆ ಗೂಗಲ್ ಮ್ಯಾಪ್ ತೆರೆದು ಕೂತಿದ್ದೇನೆ. ಮೂರು ವಾರದಿಂದ ದಿನಾ ರಾತ್ರಿ ಇದೇ ಕೆಲಸ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಅನ್ನುವ ಊರಿನಿಂದ ನನಗೆ ಆಫರ್ ಬಂದಿದೆ. ಚಿಪ್ ಮಾಡುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಕಂಪನಿ, ಜಾಸ್ತಿ ದೊಡ್ಡದೇನಲ್ಲ, ಕೆಲಸವೂ ಹನ್ನೆರಡು ವರ್ಷದಿಂದ ನಾನು ಇಲ್ಲಿ ಮಾಡಿಕೊಂಡು ಬಂದ ಎಂಬೆಡೆಡ್ ಸಾಫ್ಟ್‌ವೇರ್‌ದೇ, ಅಂದರೆ ಯಂತ್ರದ ಒಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ. ಶುಕ್ರವಾರದೊಳಗೆ ಬರುತ್ತೀನೋ ಇಲ್ಲವೋ ಹೇಳಬೇಕು.

ಆಫರ್ ಬಂದ ದಿನ ಅಪ್ಪನಿಗೆ ಫೋನ್ ಮಾಡಿದ್ದೆ. ಬೇರೆ ಎಲ್ಲರೂ ಮೊದಲು ಕೇಳಿದ್ದು ಸಂಬಳ ಎಷ್ಟು ಅಂತ. ಅಪ್ಪ ಕೇಳಿದ್ದು, "ಆ ಊರಲ್ಲಿ ಕಾರ್ಖಾನೆ ಒಂದೇನಾ, ಇನ್ನೂ ಇದಾವಾ?"

ಯಾಕೆ ಹಾಗೆ ಕೇಳಿದರು ಅಂತ ನನಗೆ ಗೊತ್ತು. ನಾನು ಬೆಳೆದದ್ದು ಒಂದೇ ಕಾರ್ಖಾನೆಯ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಸೊಸೈಟಿ ಅಂಗಡಿ, ಗಣೇಶನ ಪೆಂಡಾಲು, ಎಲ್ಲವೂ ಕಾರ್ಖಾನೆಯದೇ. ಸೈರನ್ ಕೂಗಿದರೆ ಅಮ್ಮ ಅಕ್ಕಿ ತೊಳೆಯುತ್ತಿದ್ದರು, ನಾವು ಶಾಲೆಗೆ ಹೊರಡುತ್ತಿದ್ದೆವು. ನಾನು ಪಿಯುಸಿ ಓದುವಾಗ ಅದು ನಿಂತಿತು. ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ರಾತ್ರಿ ಪಾಳಿ ಹೋಯಿತು, ಆಮೇಲೆ ಎರಡನೇ ಪಾಳಿ, ಆಮೇಲೆ ಸಂಬಳ ತಡವಾಗತೊಡಗಿತು, ಕೊನೆಗೆ ಸೈರನ್ ಕೂಡ. ಸೈರನ್ ಇಲ್ಲದಿದ್ದರೂ ಅಪ್ಪ ಎಷ್ಟೋ ತಿಂಗಳು ಬೆಳಗಿನ ಪಾಳಿಯ ಹೊತ್ತಿಗೇ ಎದ್ದು, ಮುಖ ತೊಳೆದು, ಜಗಲಿಯ ಮೇಲೆ ಕೂತಿರುತ್ತಿದ್ದರು.

ಹಾಗಾಗಿ ನಾನು ಬಾಡಿಗೆ, ಶಾಲೆ ಯಾವುದನ್ನೂ ನೋಡುವ ಮೊದಲು ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಿದೆ. ಓದುತ್ತಾ ಹೋದ ಹಾಗೆ ಮೈ ಜುಮ್ಮೆಂದಿತು. ಐಂಡ್‌ಹೋವನ್ ಕೂಡ ಒಂದೇ ಕಾರ್ಖಾನೆಯ ಊರಾಗಿತ್ತು!

1891ರಲ್ಲಿ ಜೆರಾರ್ಡ್ ಫಿಲಿಪ್ಸ್ ತನ್ನ ಅಪ್ಪ ಫ್ರೆಡೆರಿಕ್ ಜೊತೆ ಸೇರಿ ಅಲ್ಲಿ ಬಲ್ಬ್ ಮಾಡುವ ಕಾರ್ಖಾನೆ ಶುರು ಮಾಡಿದ. ನಾಲ್ಕು ವರ್ಷದ ನಂತರ ತಮ್ಮ ಆಂಟನ್ ಮಾರಾಟ ನೋಡಿಕೊಳ್ಳಲು ಬಂದ. ಅಲ್ಲಿಂದ ಊರು ಹೇಗೆ ಬೆಳೆಯಿತೆಂದರೆ 1920ರಲ್ಲಿ ಸುತ್ತಲಿನ ಐದು ಹಳ್ಳಿಗಳನ್ನು ಐಂಡ್‌ಹೋವನ್‌ಗೆ ಸೇರಿಸಿ ಒಂದೇ ಊರು ಮಾಡಬೇಕಾಯಿತು. ಕಾರ್ಮಿಕರಿಗೆ ಅಂತಲೇ ಕಟ್ಟಿದ ಫಿಲಿಪ್ಸ್‌ಡಾರ್ಪ್ ಅನ್ನುವ ಬಡಾವಣೆ ಇದೆ. ಸ್ಟ್ರೀಟ್ ವ್ಯೂನಲ್ಲಿ ಅದರ ಬೀದಿಗಳಲ್ಲಿ ಓಡಾಡಿದೆ. ಸಾಲಾಗಿ ಸಣ್ಣ ಸಣ್ಣ ಇಟ್ಟಿಗೆ ಮನೆಗಳು, ಮುಂದೆ ಒಂದು ಚೂರು ಗಿಡ. ಇಟ್ಟಿಗೆ ಬಣ್ಣ ಬಿಟ್ಟರೆ ನಮ್ಮ ಕ್ವಾರ್ಟರ್ಸೇ. ಫುಟ್‌ಬಾಲ್‌ನ ಪಿ.ಎಸ್.ವಿ. ತಂಡ ಕೂಡ 1913ರಲ್ಲಿ ಫಿಲಿಪ್ಸ್ ಕೆಲಸಗಾರರ ಕ್ರೀಡಾ ಸಂಘವಾಗಿ ಹುಟ್ಟಿದ್ದಂತೆ. ನಮ್ಮೂರಲ್ಲೂ ಕಾರ್ಖಾನೆಯ ಕಬಡ್ಡಿ ತಂಡ ಇತ್ತು, ಅಪ್ಪ ಅದರಲ್ಲಿ ಆಡುತ್ತಿದ್ದರು.

ಆಮೇಲೆ ಅಲ್ಲೂ ಅದೇ ಆಯಿತು. 1990ರಲ್ಲಿ ಫಿಲಿಪ್ಸ್ ಮುಳುಗುವ ಸ್ಥಿತಿಗೆ ಬಂದು, ಹೊಸದಾಗಿ ಬಂದ ಮುಖ್ಯಸ್ಥ ಯಾನ್ ಟಿಮ್ಮರ್ ಪ್ರಪಂಚದಾದ್ಯಂತ ಹತ್ತಾರು ಸಾವಿರ ಜನರ ಕೆಲಸ ಕಡಿತ ಮಾಡಿದ. 1993ರಲ್ಲಿ ಊರಿನ ಇನ್ನೊಂದು ದೊಡ್ಡ ಕಂಪನಿ, ಲಾರಿ ಮಾಡುವ ಡಾಫ್, ದಿವಾಳಿಯಾಯಿತು. 1997ರಲ್ಲಿ ಫಿಲಿಪ್ಸ್ ತನ್ನ ಮುಖ್ಯ ಕಚೇರಿಯನ್ನೇ ಆಮ್‌ಸ್ಟರ್‌ಡ್ಯಾಮ್‌ಗೆ ಎತ್ತಿಕೊಂಡು ಹೋಯಿತು. ಇಷ್ಟು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಕತೆಯೇ ನಾನು ಅಪ್ಪನಿಗೆ ಹೇಳಬೇಕು ಅಂದುಕೊಂಡದ್ದು. ಡಾಫ್ ಮತ್ತೆ ಎದ್ದು ನಿಂತಿತು, ಈಗಲೂ ಅಲ್ಲೇ ಲಾರಿ ಮಾಡುತ್ತಿದೆ. ಪುರಸಭೆಯವರು, ಕಂಪನಿಗಳವರು, ವಿಶ್ವವಿದ್ಯಾಲಯದವರು ಒಟ್ಟಿಗೆ ಕೂತು ಊರನ್ನು ಏನು ಮಾಡುವುದು ಅಂತ ಮಾತಾಡಿದರು. ಫಿಲಿಪ್ಸ್‌ನ ಸಂಶೋಧನಾಲಯ ಇದ್ದ ಜಾಗವನ್ನು 2003ರಿಂದ ಬೇರೆ ಕಂಪನಿಗಳಿಗೂ ತೆರೆದರು, ಈಗ ಅದು ಹೈಟೆಕ್ ಕ್ಯಾಂಪಸ್. ಸ್ಟ್ರೈಪ್-ಎಸ್ ಅನ್ನುವ ಕಾರ್ಖಾನೆ ಪ್ರದೇಶಕ್ಕೆ ಮೊದಲು ಕೆಲಸಗಾರರನ್ನು ಬಿಟ್ಟು ಯಾರಿಗೂ ಪ್ರವೇಶ ಇರಲಿಲ್ಲ, ಅದನ್ನು ಜನ ನಿಷೇಧಿತ ನಗರ ಅನ್ನುತ್ತಿದ್ದರಂತೆ. ಈಗ ಅಲ್ಲಿ ಮನೆಗಳಿವೆ, ಅಂಗಡಿಗಳಿವೆ. ಬಾಲ್ಕನಿ ಬಾಲ್ಕನಿಗೂ ಮರ ನೆಟ್ಟ ಒಂದು ಎತ್ತರದ ಕಟ್ಟಡ ಇದೆ, ಅದು ಕಡಿಮೆ ಬಾಡಿಗೆಯ ಸಾಮಾಜಿಕ ವಸತಿ. ನಮ್ಮೂರ ಕಾರ್ಖಾನೆಯ ಗೇಟಿಗೆ ಈಗಲೂ ಬೀಗ ಇದೆ, ಒಳಗೆ ಲಂಟಾನ ಬೆಳೆದಿದೆ. ನಮ್ಮಲ್ಲಿ ಯಾರಾದರೂ ಹಾಗೆ ಒಟ್ಟಿಗೆ ಕೂತಿದ್ದರೆ ಏನಾಗುತ್ತಿತ್ತು ಅಂತ ಮೂರು ವಾರದಿಂದ ಯೋಚಿಸುತ್ತಿದ್ದೇನೆ, ಮತ್ತು ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಆ ಊರಿನ ಇವತ್ತಿನ ದೊಡ್ಡ ಹೆಸರು ಎ.ಎಸ್.ಎಂ.ಎಲ್., ಚಿಪ್ ಮಾಡುವ ಯಂತ್ರಗಳನ್ನು ಕಟ್ಟುವ ಕಂಪನಿ. 1984ರಲ್ಲಿ ಫಿಲಿಪ್ಸ್ ಮತ್ತು ಇನ್ನೊಂದು ಡಚ್ ಕಂಪನಿ ಸೇರಿ, ಫಿಲಿಪ್ಸ್ ಆವರಣದ ಶೆಡ್ಡುಗಳಲ್ಲಿ ಅದನ್ನು ಶುರು ಮಾಡಿದ್ದು. ಈಗ ಪಕ್ಕದ ವೆಲ್ಡ್‌ಹೋವನ್‌ನಲ್ಲಿದೆ. ಇವತ್ತಿನ ಅತಿ ಸೂಕ್ಷ್ಮ ಗೆರೆಗಳ ಚಿಪ್‌ಗಳನ್ನು ಮಾಡಲು ಬೇಕಾದ ಇಯುವಿ (ತೀವ್ರ ನೇರಳಾತೀತ ಬೆಳಕಿನ) ಯಂತ್ರವನ್ನು ಪ್ರಪಂಚದಲ್ಲಿ ಮಾಡುವುದು ಅದೊಂದೇ. ಆ ಯಂತ್ರದ ಒಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಬೀಳುತ್ತವೆ, ಒಂದೊಂದು ಹನಿಗೂ ಲೇಸರ್ ಹೊಡೆಯುತ್ತದೆ, ಹಾಗೆ ಹುಟ್ಟುವ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕಿನಿಂದ ಚಿಪ್‌ನ ಗೆರೆ ಮೂಡಿಸುತ್ತಾರೆ. ಇಂಥ ಯಂತ್ರದ ಒಂದು ಮೂಲೆಗೆ ನನ್ನ ಕೋಡ್ ಹೋಗುತ್ತದೆ ಅನ್ನುವುದು ನೆನೆಸಿಕೊಂಡರೇ ಖುಷಿಯಾಗುತ್ತದೆ. ಆದರೆ ಅಪ್ಪನ ಪ್ರಶ್ನೆ ಇಲ್ಲಿಗೂ ಬರುತ್ತದೆ, ಅಲ್ವಾ? ನನಗೆ ಆಫರ್ ಕೊಟ್ಟವರ ದೊಡ್ಡ ಗಿರಾಕಿಯೂ ಅದೇ. ಚಿಪ್ ಕಂಪನಿ ಎನ್‌ಎಕ್ಸ್‌ಪಿ ಇದೆ, ಡಾಫ್ ಇದೆ, ಫಿಲಿಪ್ಸ್‌ನ ಸಂಶೋಧನೆ ಸ್ವಲ್ಪ ಇದೆ, ನಿಜ. ಆದರೂ ಒಂದು ಕಂಪನಿ ಕೆಮ್ಮಿದರೆ ಊರಿಗೇ ಜ್ವರ ಬರುವಷ್ಟು ಅದು ಬೆಳೆದಿದೆ. ಕಳೆದ ವರ್ಷ ಡಚ್ ಸರ್ಕಾರ ಆ ಪ್ರದೇಶದ ಮನೆ, ರಸ್ತೆ, ಶಿಕ್ಷಣಕ್ಕೆ ಅಂತ 250 ಕೋಟಿ ಯೂರೋ ಘೋಷಿಸಿದ್ದು ಕೂಡ ಆ ಕಂಪನಿ ಎಲ್ಲಿ ದೇಶ ಬಿಟ್ಟು ಹೋಗುತ್ತದೋ ಅನ್ನುವ ಭಯಕ್ಕೇ.

ಇನ್ನು ಮನೆ. ನಾನು ನೋಡಿದ ಜಾಹೀರಾತುಗಳಲ್ಲಿ ಎರಡು ಬೆಡ್‌ರೂಮಿನ ಮನೆ 1,500 ಯೂರೋದಿಂದ 2,000ದವರೆಗೆ ಇದೆ. ಬಾಡಿಗೆಯ ಮೂರರಷ್ಟು ಸಂಬಳ ತೋರಿಸಿ ಅನ್ನುವವರೇ ಜಾಸ್ತಿ. ಅಡ್ವಾನ್ಸ್ ಮಾತ್ರ ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ, 2023ರ ಜುಲೈನಿಂದ ಅದಕ್ಕೆ ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಈ ಮನೆಗೆ ಬಂದ ನನಗೆ ಅದನ್ನು ಎರಡು ಸಲ ಓದಬೇಕಾಯಿತು. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತೇನೆ. ಜಾಹೀರಾತಿನಲ್ಲಿ 'ಕಾಲ್' ಅಂತ ಇದ್ದರೆ ಮನೆ ಪೂರ್ತಿ ಖಾಲಿ. ಎಷ್ಟು ಖಾಲಿ ಅಂದರೆ ಸಾಮಾನ್ಯವಾಗಿ ನೆಲದ ಹಾಸೂ ಇರುವುದಿಲ್ಲ, ಹಳೆಯ ಬಾಡಿಗೆದಾರ ಕಿತ್ತುಕೊಂಡು ಹೋಗಿರುತ್ತಾನೆ, ಬರೀ ಸಿಮೆಂಟು. 'ಖೆಸ್ಟೊಫೇರ್ಟ್' ಅಂದರೆ ನೆಲ, ಪರದೆ ಇರುತ್ತದೆ. ಮಂಚ, ಮೇಜು ಎಲ್ಲ ಬೇಕಿದ್ದರೆ 'ಖೆಮ್ಯೂಬಿಲೇರ್ಟ್' ಅಂತ ಹುಡುಕಬೇಕು. ಇದಕ್ಕಿಂತ ಮುಖ್ಯ, ಆ ವಿಳಾಸದಲ್ಲಿ ಪುರಸಭೆಗೆ ಹೆಸರು ನೋಂದಾಯಿಸಲು ಮನೆಯವರು ಬಿಡುತ್ತಾರಾ ಅಂತ ಮೊದಲೇ ಕೇಳಬೇಕು. ನೋಂದಣಿ ಆದರೇ ಬಿ.ಎಸ್.ಎನ್. ಅನ್ನುವ ಸಂಖ್ಯೆ ಸಿಗುವುದು. ಸಂಬಳ, ವಿಮೆ, ಡಾಕ್ಟರು, ಎಲ್ಲದಕ್ಕೂ ಅದು ಬೇಕು. ಹೋದ ವಾರ ಒಬ್ಬರು ಮನೆ ತೋರಿಸುವ ಮೊದಲೇ ಎರಡು ತಿಂಗಳ ದುಡ್ಡು ಕಳಿಸಿ, ಕೀಲಿಕೈ ಅಂಚೆಯಲ್ಲಿ ಬರುತ್ತದೆ ಅಂದರು. ಫೋಟೋ ಬಹಳ ಚೆನ್ನಾಗಿತ್ತು. ಅದೇ ಫೋಟೋಗಳು ಬೇರೆ ದೇಶದ ಒಂದು ಮನೆಯ ಜಾಹೀರಾತಿನಲ್ಲೂ ಸಿಕ್ಕವು. ಅಲ್ಲಿಗೆ ಬಿಟ್ಟೆ.

ಮನೆಯಿಂದ ಆಫೀಸಿಗೆ ಹೋಗುವ ದಾರಿಯನ್ನು ನಾನು ಮ್ಯಾಪ್‌ನಲ್ಲಿ ಈಗ ಬಾಯಿಪಾಠ ಮಾಡಿದ್ದೇನೆ. ಸೈಕಲ್‌ನಲ್ಲಿ ಅರ್ಧ ಗಂಟೆ. ಇಲ್ಲಿ ಅಷ್ಟೇ ದೂರಕ್ಕೆ ಮೊನ್ನೆ ಮಂಗಳವಾರ ಒಂದೂಕಾಲು ಗಂಟೆ ಕ್ಯಾಬ್‌ನಲ್ಲಿ ಕೂತಿದ್ದೆ. ಐಂಡ್‌ಹೋವನ್, ವೆಲ್ಡ್‌ಹೋವನ್ ಎರಡೂ ಊರಿನ ಗಡಿಯಲ್ಲಿ ಹೋವನ್‌ರಿಂಗ್ ಅಂತ ಒಂದು ಇದೆ, ರಸ್ತೆಯ ಮೇಲೆ ತೂಗುಹಾಕಿದ ವೃತ್ತ, ಸೈಕಲ್ ಮತ್ತು ನಡೆಯುವವರಿಗೆ ಮಾತ್ರ, ಕಾರುಗಳು ಕೆಳಗೆ. 2012ರಲ್ಲಿ ತೆರೆದದ್ದು. ಮಗಳಿಗೆ ಅದರ ಚಿತ್ರ ತೋರಿಸಿದರೆ "ಅಮ್ಮ, ಇದು ಬಳೆ" ಅಂದಳು. ಮಳೆಗೆ ನಾನು ಹೆದರುವುದಿಲ್ಲ, ಮಲೆನಾಡಿನ ಅಂಚಿನಲ್ಲಿ ಬೆಳೆದವಳು. ಕತ್ತಲೆಯೇ ಚಿಂತೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ಮಗಳಿಗೆ ಜೂನ್‌ಗೆ ನಾಲ್ಕು ತುಂಬುತ್ತದೆ, ಅಲ್ಲಿ ಮಕ್ಕಳು ಶಾಲೆಗೆ ಸೇರುವ ವಯಸ್ಸೂ ಅದೇ, ಅದೊಂದು ಅನುಕೂಲ. ಬುಧವಾರ ಬಹಳ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ.

ಇವರ ವಿಷಯ ನನಗೆ ಎಲ್ಲಕ್ಕಿಂತ ಭಾರ. ಇವರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ, ಹುಡುಗರಿಗೆ ಇವರೆಂದರೆ ಪ್ರಾಣ. ನನ್ನ ವೀಸಾದ ಮೇಲೆ ಬಂದರೂ ಅಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು, ಬೇರೆ ಅನುಮತಿ ಬೇಡ. ಫಿಸಿಕ್ಸ್ ಮೇಷ್ಟ್ರುಗಳ ಕೊರತೆಯೂ ಅಲ್ಲಿದೆ. ಆದರೆ ಡಚ್ ಬರಬೇಕು, ಚೆನ್ನಾಗಿ ಬರಬೇಕು, ಅದಕ್ಕೆ ವರ್ಷಗಳು ಬೇಕು. ಇವರು ಒಂದು ಮಾತೂ ಆಡದೆ ಫೋನಿನಲ್ಲಿ ಕಲಿಯಲು ಶುರು ಮಾಡಿದ್ದಾರೆ. ಡಚ್‌ನ 'ಗ' ಗಂಟಲಿನಿಂದ 'ಖ' ಅಂತ ಕೆರೆದುಕೊಂಡು ಬರುತ್ತದೆ. ನಿನ್ನೆ ಯಾರೋ ಹೇಳಿದರಂತೆ, ಐಂಡ್‌ಹೋವನ್ ಇರುವ ಬ್ರಾಬಾಂಟ್ ಕಡೆ ಅದನ್ನು ಮೆತ್ತಗೆ ಹೇಳುತ್ತಾರೆ ಅಂತ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ಇವತ್ತು ಬೆಳಿಗ್ಗೆ ಕಾಫಿ ಸೋಸುತ್ತಾ ಮೆತ್ತಗಿನ 'ಗ' ಹೇಳಿ ನೋಡುತ್ತಿದ್ದರು. ಬಾಗಿಲ ಹಿಂದೆ ನಿಂತು ಕೇಳಿ ನನಗೆ ಕಣ್ಣು ತುಂಬಿ ಬಂತು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಬಲ್ಬಿನ ಕಾರ್ಖಾನೆ, ಕ್ವಾರ್ಟರ್ಸ್, ಮುಚ್ಚಿದ್ದು, ಮತ್ತೆ ಎದ್ದದ್ದು. ಅರ್ಧ ಗಂಟೆ ಸುಮ್ನೆ ಕೇಳಿಸಿಕೊಂಡರು. ಕೊನೆಗೆ ಕೇಳಿದರು, "ಸರಿ ಪುಟ್ಟಿ, ಕಟ್ಟಡದ ಕತೆ ಆಯ್ತು. ಕೆಲಸ ಹೋದ್ರಲ್ಲ, ಅವರೆಲ್ಲ ಎಲ್ಲಿಗೆ ಹೋದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರ ಓದಿದ್ದರಲ್ಲಿ ಕಟ್ಟಡ ಏನಾಯಿತು ಅಂತ ಇತ್ತು. ಐವತ್ತು ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಜಗಲಿಯ ಮೇಲೆ ಕೂತವನ ಬಗ್ಗೆ ನಾನು ಹುಡುಕಿಯೇ ಇರಲಿಲ್ಲ.

"ನಿನ್ನ ಕೆಲಸ ಹೋದ್ರೆ ಎಷ್ಟು ದಿನ ಇರಬಹುದು?" ಅಂದರು. ಅದು ಗೊತ್ತಿತ್ತು. ವೀಸಾ ಅವಧಿ ಉಳಿದಿದ್ದರೆ ಹೊಸ ಕೆಲಸ ಹುಡುಕಲು ಮೂರು ತಿಂಗಳು, ಅಷ್ಟರಲ್ಲಿ ಸಿಗದಿದ್ದರೆ ವಾಪಸ್ಸು. ಮೂವತ್ತು ದಾಟಿದವರಿಗೆ ಈ ವರ್ಷ, 2025ರಲ್ಲಿ, ತಿಂಗಳಿಗೆ 5,688 ಯೂರೋ ಸಂಬಳ ಕೊಡುವ ಕೆಲಸವೇ ಆಗಬೇಕು, ಕಡಿಮೆ ಆದರೆ ಆ ವೀಸಾ ನಡೆಯುವುದಿಲ್ಲ. "ಹಾಗಾದ್ರೆ ಮೂರು ತಿಂಗಳ ಖರ್ಚು, ವಾಪಸ್ ಬರೋ ಟಿಕೆಟ್ಟು, ಇಷ್ಟು ಮೊದಲು ಎತ್ತಿಡು. ಆಮೇಲೆ ಸೈಕಲ್ಲು, ಪರದೆ. ಕಾಗದದಲ್ಲಿ ಕೆಲಸ ಪರ್ಮನೆಂಟಾ?" ಅಂದರು. ಮೊದಲ ವರ್ಷ ತಾತ್ಕಾಲಿಕ ಅಂತ ಇದೆ ಅಂದೆ. "ಕೇಳು. ಕೇಳೋಕೆ ನಾಚಿಕೆ ಯಾಕೆ?"

ಕಂಪನಿಗೆ ಈಗ ಮೇಲ್ ಬರೆದಿಟ್ಟೆ. ಶುರುವಿನಿಂದಲೇ ಕಾಯಂ ಒಪ್ಪಂದ ಕೊಡಬಹುದೇ, ಆಗದಿದ್ದರೆ ಯಾವಾಗ, ನಿಮ್ಮ ಕೆಲಸದಲ್ಲಿ ಎಷ್ಟು ಭಾಗ ಒಂದೇ ಗಿರಾಕಿಯದು. ನಾಳೆ ಬೆಳಿಗ್ಗೆ ಒಂದು ಸಲ ಓದಿ ಕಳಿಸುತ್ತೇನೆ. ಅವರು ಹೌದು ಅಂದರೆ ನಾನೂ ಹೌದು ಅನ್ನುತ್ತೇನೆ ಅಂತ ಇವರಿಗೆ ಹೇಳಿದೆ. ಇವರು ತಲೆ ಆಡಿಸಿದರು.

ಇನ್ನೊಂದು ಉಳಿದಿತ್ತು. ಅಲ್ಲಿನ ಪುರಸಭೆಗೆ ಜನನ ಪ್ರಮಾಣಪತ್ರ ಅಪೊಸ್ಟೀಲ್ ಆಗಿ ಬೇಕು, ಅಂದರೆ ಬೇರೆ ದೇಶದಲ್ಲಿ ನಡೆಯುವಂತೆ ನಮ್ಮ ಸರ್ಕಾರದ ದೃಢೀಕರಣ ಇರಬೇಕು. ನನ್ನದು ಬರೀ ಕನ್ನಡದಲ್ಲಿ ಕೈಯಲ್ಲಿ ಬರೆದ ಹಳೆಯ ಕಾಗದ, ಹೆಸರಿನ ಮುಂದೆ ಬರೀ ಇನಿಷಿಯಲ್ಲು. ಇಂಗ್ಲಿಷ್ ಕೂಡ ಇರುವ ಹೊಸ ಪ್ರತಿ ಮಾಡಿಸಬೇಕು. ಫೋನ್ ಇಡುವ ಮೊದಲು ಅದನ್ನೂ ಹೇಳಿದ್ದೆ. ಈಗ ಹತ್ತು ನಿಮಿಷದ ಹಿಂದೆ ಅಪ್ಪ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಾರೆ. ಟ್ರಂಕಿನ ತಳದಿಂದ ತೆಗೆದ ಆ ಕಾಗದ, ಮಡಿಕೆಯ ಜಾಗದಲ್ಲಿ ಹರಿದಿದೆ, ಪಕ್ಕದಲ್ಲಿ ಅವರ ಕನ್ನಡಕ. ಕೆಳಗೆ ಬರೆದಿದ್ದಾರೆ: "ನಾಳೆ ಹತ್ತಕ್ಕೆ ಪುರಸಭೆ ಬಾಗಿಲು ತೆಗೀತಾರೆ. ನಾನು ಒಂಬತ್ತೂವರೆಗೆ ಹೋಗಿ ನಿಂತಿರ್ತೀನಿ."