ಒಂದು ದಿನ ಶಾಲೆಗೆ ಹೋಗಿ ಬಂದರೆ ಏನಾಗುತ್ತೆ?

ನಾನು ಮಕ್ಕಳಿಗೆ ಕಥೆ ಬರೆಯುವವಳು. ವರ್ಷದಲ್ಲಿ ಇಪ್ಪತ್ತು ಇಪ್ಪತ್ತೈದು ದಿನ ಪ್ರಾಥಮಿಕ ಶಾಲೆಗಳಿಗೆ ಹೋಗುತ್ತೇನೆ. ಹೆಚ್ಚಿನವು ಸರ್ಕಾರಿ ಶಾಲೆಗಳೇ. ಬೆಳಿಗ್ಗೆ ಹೋಗಿ ಮಕ್ಕಳಿಗೆ ಕಥೆ ಹೇಳಿ, ಅವರಿಂದ ಹೇಳಿಸಿ, ಬರೆಸಿ, ಸಂಜೆ ಬಸ್ಸು ಹತ್ತುತ್ತೇನೆ. ನೆಂಟರಿಂದ ಹಿಡಿದು ಶಾಲೆಯ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಒಂದು ದಿನ ಹೋಗಿ ಬಂದರೆ ಮಕ್ಕಳು ಕಥೆ ಬರೆಯೋದು ಕಲಿತುಬಿಡ್ತಾರಾ?"

ಇಲ್ಲ, ಕಲಿಯುವುದಿಲ್ಲ. ಆದರೆ ಒಂದು ದಿನದಲ್ಲಿ ಆಗಬಹುದಾದದ್ದು ಒಂದಿದೆ. ಮನೆಯಲ್ಲಿ ಆಡುವ ಮಾತನ್ನು ಕಾಗದದ ಮೇಲೂ ಇಡಬಹುದು ಅಂತ ಮಗುವಿಗೆ ಗೊತ್ತಾಗಬಹುದು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಐದೇ ಅಕ್ಷರ ಬರುತ್ತಿದ್ದ ಮಕ್ಕಳು ಕಲಿಸಿದರು.

ಅದು ನಲಿಕಲಿ ಕೊಠಡಿ, ಅಂದರೆ ಚಿಕ್ಕ ಮಕ್ಕಳು ಆಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿಯ ತರಗತಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೇ ಕೂತಿದ್ದರು. ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಕಾಗದದ ಹೂವು ಎಲ್ಲ ತೂಗುಹಾಕಿದ್ದರು. ಅದಕ್ಕೆ ಕಲಿಕಾ ಚಪ್ಪರ ಅಂತಾರೆ. ಗೋಡೆಯ ಕೆಳಗಡೆ, ಮಕ್ಕಳ ಕೈಗೆ ಎಟುಕುವ ಎತ್ತರಕ್ಕೆ ಕಪ್ಪು ಬಣ್ಣ ಬಳಿದಿತ್ತು. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರು, ಟೀಚರ್‌ಗಳೇ ಕೂತು ಕಟ್ಟಿದ ಪದ್ಧತಿ. 2009ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಮಗು ಮೊದಲು ಕಲಿಯುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಬರೆಯಲು ಸುಲಭ, ಮೇಲಾಗಿ ಐದು ಅಕ್ಷರ ಬಂದ ಕೂಡಲೇ ಪದ ಕಟ್ಟಬಹುದು.

ನಾನು ಮೂರನೇ ತರಗತಿಯವರಿಂದ ಮಾತ್ರ ಬರೆಸೋಣ ಅಂದುಕೊಂಡು ಹೋಗಿದ್ದೆ. ಚಿಕ್ಕವರು ಸುಮ್ನೆ ಕೇಳಿಸಿಕೊಳ್ಳಲಿ ಅಂತ. ಟೀಚರ್ ಒಪ್ಪಲಿಲ್ಲ. "ಇವರಿಗೂ ಐದು ಅಕ್ಷರ ಬರ್ತಾವ್ರಿ ಮೇಡಂ, ಇವರೂ ಬರೀತಾರ" ಅಂದರು.

ಹಾಲು ಕುಡಿದು ಲೋಟ ತೊಳೆದಿಟ್ಟು ಮಕ್ಕಳು ಬಂದು ಕೂತರು. ನಾನು ಯಾವಾಗಲೂ ಶುರು ಮಾಡುವುದು ಒಂದೇ ಪ್ರಶ್ನೆಯಿಂದ: ನಿಮ್ಮ ಮನೆಯಲ್ಲಿ ಕಳೆದುಹೋಗಿರುವ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರ ಇಲ್ಲದ ಮಗುವನ್ನು ನಾನು ಇನ್ನೂ ನೋಡಿಲ್ಲ. ಒಂದು ಕಾಲಿನ ಚಪ್ಪಲಿ. ಆಡಿನ ಮರಿ. ಅಜ್ಜಿಯ ಎಲೆ ಅಡಿಕೆ ಚೀಲ. ಒಬ್ಬ ಹುಡುಗ ತನ್ನ ಹಲ್ಲು ಅಂದ, ಬಾಯಿ ತೆರೆದು ತೋರಿಸಿದ. ಆಮೇಲೆ ಐದು ಅಕ್ಷರದಲ್ಲಿ ಎಷ್ಟು ಪದ ಆಗುತ್ತೆ ಅಂತ ಒಂದನೇ ತರಗತಿಯವರೇ ಗೋಡೆ ಮೇಲೆ ಬರೆದರು. ಸರ. ಅರಸ. ಅಗಸ. ಗರಗಸ. ದಸರ. ಸರಸರ.

ಏನು ಕಳೆದದ? ಸರ. ಯಾರದು? ಅರಸನದು. ಕಥೆ ಬಾಯಲ್ಲಿ ಆಗಲೇ ಓಡುತ್ತಿತ್ತು. ಅರಸನ ಸರ ಅರಿವಿ ಜೊತೆ ಒಗೆಯೋಕೆ ಹೋಗಿಬಿಟ್ಟಿದೆ, ಅಗಸನಿಗೆ ಸಿಕ್ಕಿದೆ. ಆದರೆ ಬರೆಯೋದು ಹೇಗೆ? "ನ" ಇನ್ನೂ ಬಂದಿಲ್ಲ, ಹಾಗಾಗಿ "ಅರಸನ" ಆಗಲ್ಲ. ಮಕ್ಕಳು "ಅರಸ" ಅಂತ ಬರೆದು ಪಕ್ಕದಲ್ಲಿ "ಸರ? ಸರ?" ಅಂತ ಬರೆದರು. ಪ್ರಶ್ನೆ ಗುರುತು ಹಾಕಿಕೊಟ್ಟಿದ್ದು ಮೂರನೇ ತರಗತಿಯ ಒಬ್ಬಳು ಅಕ್ಕ. ಮುಂದೆ ಅಗಸ ಉತ್ತರ ಹೇಳಬೇಕು. ಸರ ಇದೆ ಅನ್ನಬೇಕು. "ಇ" ಬರಲ್ಲ. "ದೆ" ಬರಲ್ಲ. ಎಲ್ಲರೂ ಗೋಡೆ ನೋಡುತ್ತಾ ಕೂತರು.

ಆಗ ಎರಡು ಜಡೆಯ ಒಂದು ಪುಟ್ಟ ಹುಡುಗಿ ಎದ್ದು ನಿಂತಳು. "ಟೀಚರ್, ಸರ ಅದ ಅಂತ ಬರೀಲೇನ್ರಿ?"

ಅದ. ಆ ಕಡೆ ಯಾರೂ ಮನೆಯಲ್ಲಿ ಇದೆ ಅನ್ನುವುದಿಲ್ಲ, ಅದ ಅನ್ನುತ್ತಾರೆ. ಪಠ್ಯಪುಸ್ತಕದ "ಇದೆ" ಆ ಐದು ಅಕ್ಷರದಲ್ಲಿ ಹಿಡಿಯಲಿಲ್ಲ. ಅವಳ ಅವ್ವನ "ಅದ" ಹಿಡಿಯಿತು. ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ "ಬರಿಯವ್ವಾ" ಅಂದರು. ಅವಳು ಬರೆದಳು:

ಅರಸ. ಸರ? ಸರ?
ಅಗಸ. ಸರ ಅದ! ಸರ ಅದ!
ಅರಸ ಸರಸರ.

ನನಗೆ ಮಾತೇ ಹೊರಡಲಿಲ್ಲ. ನಾನು ತುಮಕೂರು ಕಡೆಯವಳು. ನಮ್ಮ ಮನೆಯಲ್ಲಿ ಐತೆ ಅನ್ನುತ್ತಿದ್ದರು. ಏಳು ವರ್ಷದ ಪ್ರಾಥಮಿಕ ಶಾಲೆಯಲ್ಲಿ ಆ "ಐತೆ"ಯನ್ನು ನಾನು ಒಂದು ಸಲವೂ ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಬರೆಯಬಹುದು ಅಂತಲೇ ಗೊತ್ತಿರಲಿಲ್ಲ.

ಹಾಗಾದರೆ ಮಕ್ಕಳು ಪುಸ್ತಕದ ಕನ್ನಡ ಕಲಿಯುವುದು ಬೇಡವಾ? ಬೇಕು. ಕೆಲವೇ ತಿಂಗಳಲ್ಲಿ "ಇ" ಬರುತ್ತೆ, "ದೆ" ಬರುತ್ತೆ, ಆ ಹುಡುಗಿ "ಇದೆ"ಯನ್ನೂ ಚೆನ್ನಾಗಿಯೇ ಬರೆಯುತ್ತಾಳೆ. ನನ್ನ ಚಿಂತೆ ಬೇರೆ. ಮನೆ ಮಾತು ನೋಟ್‌ಬುಕ್ಕಿಗೆ ಸಲ್ಲದು ಅಂತ ಮಗುವಿನ ಮನಸ್ಸಿಗೆ ಬಂದರೆ, ಮನೆಯೇ ನೋಟ್‌ಬುಕ್ಕಿನಿಂದ ಹೊರಗೆ ಉಳಿಯುತ್ತೆ. ಆಮೇಲೆ ಐದನೇ ತರಗತಿಯಲ್ಲಿ "ಕಥೆ ಬರಿ" ಅಂದರೆ ಮೊಲ, ಆಮೆ, ಕೊನೆಗೊಂದು ನೀತಿ. ಅಂಥ ಹಾಳೆಗಳನ್ನು ನಾನು ರಾಶಿಗಟ್ಟಲೆ ಓದಿದ್ದೇನೆ. ಅಕ್ಷರ ದುಂಡಗಿರುತ್ತೆ, ಒಂದೂ ತಪ್ಪಿರಲ್ಲ. ಬರೆದ ಮಗು ಮಾತ್ರ ಅದರಲ್ಲಿ ಎಲ್ಲೂ ಕಾಣಲ್ಲ.

ಅದೇ ದಿನ ಮಧ್ಯಾಹ್ನ ಬಿಸಿಯೂಟದ ನಂತರ ದೊಡ್ಡ ಮಕ್ಕಳ ಜೊತೆ ಕೂತೆ. ಪ್ರಶ್ನೆ ಅದೇ. ಒಬ್ಬ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಕೊನೆಗೆ, "ನಮ್ಮ ಮನಿ ಕೀಲಿಕೈ ಇಲ್ರಿ. ಅಪ್ಪನ ಕಿಸೆದಾಗ ಬೆಂಗಳೂರಿಗೆ ಹೋಗ್ಯದ" ಅಂದ. ಅಪ್ಪ ಅವ್ವ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಇವನು ಅಜ್ಜಿ ಮನೆಯಲ್ಲಿದ್ದಾನೆ. ಅವನು ಬರೆದದ್ದು ಆ ಕೀಲಿಕೈಯ ಕಥೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೆ, ಕಿಸೆಯೊಳಗೆ ಕತ್ತಲು, ಬೀಡಿ ವಾಸನೆ, ಬೆಂಗಳೂರಿನಲ್ಲಿ ಅದು ತೆರೆಯುವಂಥ ಬಾಗಿಲು ಒಂದೂ ಇಲ್ಲ. ಎಂಟು ಸಾಲು. ಒತ್ತಕ್ಷರ ಎಲ್ಲ ತಪ್ಪು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಅವನು ಓದುವಾಗ ಹಿಂದಿನ ಸಾಲಿನ ಹುಡುಗರು, ಬೆಳಿಗ್ಗೆಯಿಂದ ಗಲಾಟೆ ಮಾಡುತ್ತಿದ್ದವರು, ಉಸಿರು ಬಿಗಿಹಿಡಿದು ಕೇಳಿದರು. ಅವರಲ್ಲೂ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ.

ಬರಹಗಾರರು ಶಾಲೆಗೆ ಹೋಗುವುದು ಹೊಸದೇನಲ್ಲ. ಪಂಜೆ ಮಂಗೇಶರಾಯರು ದಕ್ಷಿಣ ಕನ್ನಡದಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಮಕ್ಕಳಿಗೆ ಕಥೆ ಹೇಳಿ ನಗಿಸಿ ಹೋಗುತ್ತಿದ್ದರು ಅಂತ ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಮಕ್ಕಳು ತಾವಾಗಿ ಹಾಡಿಕೊಳ್ಳುವಂಥ ಪದ್ಯಗಳನ್ನು ಅವರು ಬರೆದದ್ದಕ್ಕೂ ಈ ಓಡಾಟಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ. ಮಕ್ಕಳ ಕಿವಿ ಎಲ್ಲಿ ನಿಲ್ಲುತ್ತೆ, ಎಲ್ಲಿ ಬೇಜಾರಾಗುತ್ತೆ ಅನ್ನುವುದು ಅವರ ಎದುರು ನಿಂತರೇ ಗೊತ್ತಾಗುವುದು.

ಇನ್ನು ನಮ್ಮನ್ನು ಕರೆಯುವ ಶಾಲೆಗಳಿಗೆ ಕೆಲವು ಮಾತು. ಶಾಲು, ಹಾರ, ಹಣ್ಣಿನ ಬುಟ್ಟಿ ದಯವಿಟ್ಟು ಬೇಡ. ಸ್ವಾಗತ, ಪರಿಚಯ, ಸನ್ಮಾನ, ವಂದನಾರ್ಪಣೆ ಮುಗಿಯುವುದರಲ್ಲಿ ಒಂದು ಗಂಟೆ ಹೋಗಿರುತ್ತೆ, ಅಷ್ಟೂ ಹೊತ್ತು ಮಕ್ಕಳು ಕೈಕಟ್ಟಿ ಕೂತಿರುತ್ತಾರೆ. ಮೈಕೂ ಬೇಡ. ಒಂದು ದೊಡ್ಡ ಶಾಲೆಯಲ್ಲಿ ನಾನೂರು ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿದ್ದರು. ಎಲ್ಲರೂ ಶಿಸ್ತಾಗಿ ಚಪ್ಪಾಳೆ ತಟ್ಟಿದರು. ಅವತ್ತು ಒಂದೇ ಒಂದು ಮಗುವಿನ ದನಿಯೂ ನನಗೆ ಕೇಳಿಸಲಿಲ್ಲ. ಮೂವತ್ತು ಮಕ್ಕಳು, ನೆಲದ ಮೇಲೆ ಜಮಖಾನ, ಎರಡು ಗಂಟೆ ಬಿಡುವು, ಅಷ್ಟಿದ್ದರೆ ಸಾಕು.

ಬಹಳ ಮುಖ್ಯವಾದದ್ದು, ಟೀಚರ್ ಅಲ್ಲೇ ಇರಬೇಕು. ನಾನು ಬಂದೆ ಅಂತ ಅವರು ಆಫೀಸಿಗೆ ಹೋಗಿ ಆನ್‌ಲೈನ್ ಮಾಹಿತಿ ತುಂಬುತ್ತಾ ಕೂತರೆ ನನ್ನ ಆ ದಿನ ವ್ಯರ್ಥ. ಅವರಿಗೂ ಕೆಲಸದ ಹೊರೆ ಜಾಸ್ತಿ, ನನಗೆ ಗೊತ್ತು. ಆದರೂ ಕೇಳಿಕೊಳ್ಳುತ್ತೇನೆ: ಮಕ್ಕಳ ಪಕ್ಕ ಕೂತು ನೀವೂ ಬರೆಯಿರಿ, ನಿಮ್ಮ ಮನೆಯಲ್ಲಿ ಕಳೆದುಹೋದದ್ದು ಏನು ಅಂತ ನೀವೂ ಓದಿ ಹೇಳಿ. ಯಾದಗಿರಿಯಲ್ಲಿ "ಬರಿಯವ್ವಾ" ಅಂದವರು ಟೀಚರ್, ನಾನಲ್ಲ. ಆ ಮಾತು ನನ್ನ ಬಾಯಿಂದ ಬಂದಿದ್ದರೆ ನಾನು ಬಸ್ಸು ಹತ್ತಿದ ಮೇಲೆ ಅದಕ್ಕೆ ಬೆಲೆ ಇರುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಅದೇ ಟೀಚರ್ ಫೋನ್ ಮಾಡಿದ್ದರು. ಅರಸನ ಕಥೆಯ ಹಾಳೆಯನ್ನು ಚಪ್ಪರಕ್ಕೆ ಕಟ್ಟಿದ್ದಾರಂತೆ. ಮುಂದಿನ ಐದು ಅಕ್ಷರ ಕಲಿತು ಮುಗಿದಿದೆ. ಜ, ವ, ಮ, ಬ, ನ. "ನ" ಕಲಿತ ದಿನ ಆ ಎರಡು ಜಡೆಯ ಹುಡುಗಿ ಕುರ್ಚಿ ಎಳೆದುಕೊಂಡು ಹತ್ತಿ, ತೂಗುತ್ತಿದ್ದ ಹಾಳೆ ಹಿಡಿದು, "ಅರಸ"ದ ಪಕ್ಕ ಒಂದು "ನ" ಸೇರಿಸಿದಳಂತೆ. ಸರ ಈಗ ಮತ್ತೆ ಕಳೆದಿದೆ. ಹುಡುಕುವುದಕ್ಕೆ ಜನ ಬಂದಿದ್ದಾರೆ, ಬಸವ ಬಂದಿದ್ದಾನೆ, ಒಂದು ಮರವೂ ಬಂದಿದೆ.

"ಸಿಕ್ತೇನ್ರಿ?" ಅಂತ ಕೇಳಿದೆ.

"ಇನ್ನಾ ಇಲ್ರಿ ಮೇಡಂ. ಮುಂದಿನ ಅಕ್ಷರ ಬರಲಿ ಅಂತ ಕಾಯಾಕತ್ತಾರ."