ಹೆಸರು ಸೋಲೋ, ಗೆಲ್ಲಿಸಿದ್ದು ತಾಮ್ರದ ಟೇಪು

ಮೂರು ವಾರದಿಂದ ನನ್ನ ಗೋಳು ಹೊಯ್ದುಕೊಂಡ ಸೋಲೋ ಡ್ರೋನ್ ನಿನ್ನೆ ಸಂಜೆ ಕ್ಲಬ್ ಮೈದಾನದಲ್ಲಿ ಕಂಬ ನೆಟ್ಟ ಹಾಗೆ ಗಾಳಿಯಲ್ಲಿ ನಿಂತಿತು. ಅದರ ಗೋಪ್ರೋ ಕ್ಯಾಮೆರಾ ಆನ್ ಇದ್ದರೂ ಜಿಪಿಎಸ್‌ಗೆ 14 ಸ್ಯಾಟಲೈಟ್ ಸಿಕ್ಕವು! ಪ್ರೊಪೆಲ್ಲರ್ ಬದಲಿಸಿದ್ದು, ಹಾರುವಾಗ ಗುರುತು ಸಾರುವ ರಿಮೋಟ್ ಐಡಿ ಡಬ್ಬಿ ಕಟ್ಟಿದ್ದು ಎಲ್ಲ ನೀವೂ ಮಾಡಿರುತ್ತೀರಿ, ಬಿಡಿ. ಜಿಪಿಎಸ್ ಕಥೆ ಕೇಳಿ.

ಇಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರೇಜ್ ಸೇಲ್ ಒಂದರಲ್ಲಿ 40 ಡಾಲರ್‌ಗೆ ಸಿಕ್ಕ ಗಾಡಿ ಇದು. ಹಾರಿಸಿದರೆ ಕುಡಿದವನ ಹಾಗೆ ತೂರಾಡುತ್ತಿತ್ತು. ಮೊದಲು ಕಂಪಾಸ್ ಮೇಲೆ ಅನುಮಾನ. ಅದನ್ನು ಸರಿಹೊಂದಿಸಲು ಡ್ರೋನ್ ಹಿಡಿದು ತಿರುಗಿಸುತ್ತಾ ಹಿತ್ತಲಲ್ಲಿ ಯಕ್ಷಗಾನದ ದಿಗಿಣ ಹಾಕಿದೆ, ಐದು ಸಲ. ಪಕ್ಕದ ಮನೆಯವರಿಗೆ ಪುಕ್ಕಟೆ ಮನರಂಜನೆ. ಆಮೇಲೆ ಹೊಸ ಜಿಪಿಎಸ್ ಮಾಡ್ಯೂಲ್ ತರಿಸಿದೆ. ಅಂಗಡಿಯವನು 18 ದಿನ ಸತಾಯಿಸಿ ಬೇರೆ ಕನೆಕ್ಟರ್‌ನದ್ದು ಕಳಿಸಿದ. ಕೇಳಿದರೆ ‘ವೈರ್ ಕತ್ತರಿಸಿ ಜೋಡಿಸಿಕೊಳ್ಳಿ’ ಅಂದ!

ಸಿಟ್ಟಿನಲ್ಲಿ ಹಳೆಯದನ್ನೇ ಹಾಕಿ, ಲ್ಯಾಪ್‌ಟಾಪ್ ಮುಂದೆ ಕೂತು ಒಂದೊಂದೇ ಆಫ್ ಮಾಡುತ್ತಾ ಬಂದೆ. ಗೋಪ್ರೋ ಆಫ್ ಇದ್ದಾಗ 13 ಸ್ಯಾಟಲೈಟ್. ಆನ್ ಮಾಡಿದರೆ 6. ಕ್ಯಾಮೆರಾದ ಎಚ್‌ಡಿಎಂಐ ವಿಡಿಯೋ ಕೇಬಲ್ ಕಿತ್ತರೆ ಮತ್ತೆ 13. ಕಳ್ಳ ಸಿಕ್ಕಿಬಿದ್ದ. 1575.42 ಮೆಗಾಹರ್ಟ್ಜ್‌ನ ಜಿಪಿಎಸ್ ಸಿಗ್ನಲ್ ಮೊದಲೇ ಪಿಸುಮಾತು. ಪಕ್ಕದಲ್ಲೇ ವಿಡಿಯೋ ಕೇಬಲ್ ಡೋಲು ಬಡಿಯುತ್ತಿತ್ತು. ಆ ಗದ್ದಲ ತಡೆಯಲು ತಾಮ್ರದ ಟೇಪ್ ತಂದೆ. ಅವಸರದಲ್ಲಿ ಆಂಟೆನಾ ಮೇಲೂ ಅಂಟಿಸಿಬಿಟ್ಟೆ, ಸ್ಯಾಟಲೈಟ್ ಸೊನ್ನೆ. ಬಿಡಿಸಿ, ಮಾಡ್ಯೂಲ್ ಕೆಳಗೆ ಮಾತ್ರ ಹಾಸಿದೆ. ಆಗಲೂ 8ರ ಮೇಲೆ ಏರಲಿಲ್ಲ. ಟೇಪಿನಿಂದ ಸರ್ಕ್ಯೂಟಿನ ಗ್ರೌಂಡ್‌ಗೆ ಒಂದೆಳೆ ತಂತಿ ಬೆಸುಗೆ ಹಾಕಿದ ಮೇಲೆಯೇ ದಾರಿಗೆ ಬಂತು.

ಈ ಸೋಲೋ ಮಾಡಿದ ಕಂಪನಿ ತ್ರೀಡಿ ರೊಬೊಟಿಕ್ಸ್ ನೆನೆದರೆ ಪಾಪ ಅನ್ನಿಸುತ್ತದೆ. ಮೆಕ್ಸಿಕೋದ ಟಿಹುವಾನಾ ಕಡೆಯ ಹುಡುಗ ಜೋರ್ಡಿ ಮುನೋಜ್, ಗ್ರೀನ್ ಕಾರ್ಡ್‌ಗೆ ಕಾಯುತ್ತಾ ವಿಡಿಯೋ ಗೇಮ್ ಕಂಟ್ರೋಲರಿನ ಸೆನ್ಸರ್ ಕಿತ್ತು ಆಟಿಕೆ ಹೆಲಿಕಾಪ್ಟರ್‌ಗೆ ಆಟೋಪೈಲಟ್ ಮಾಡಿದ್ದ. ‘ವೈರ್ಡ್’ ಪತ್ರಿಕೆಯ ಆಗಿನ ಸಂಪಾದಕ ಕ್ರಿಸ್ ಆಂಡರ್ಸನ್ ನೋಡಿ ಮೆಚ್ಚಿ 500 ಡಾಲರ್ ಕಳಿಸಿದರು. 2009ರಲ್ಲಿ ಇಬ್ಬರೂ ಸೇರಿ ಕಂಪನಿ ಕಟ್ಟಿದರು. 2015ರ ಏಪ್ರಿಲ್‌ನಲ್ಲಿ ಸೋಲೋ ಬಂತು, ಬೆಲೆ 1000 ಡಾಲರ್, ಕ್ಯಾಮೆರಾ ಇಲ್ಲ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ಗೆ ಇನ್ನೂ 400, ಅದೂ ತಡವಾಗಿ. ಅದೇ ತಿಂಗಳು ಚೀನಾದ ಡ್ರೋನ್ ಕಂಪನಿ ಡಿಜೆಐ ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಕ್ಯಾಮೆರಾ, ಗಿಂಬಲ್ ಎರಡೂ ಇದ್ದ ಫ್ಯಾಂಟಮ್ 3 ತೋರಿಸಿತ್ತು. 2016ರ ಹೊತ್ತಿಗೆ ಸೋಲೋ ತಯಾರಿ ನಿಂತೇಹೋಯಿತು. ಬರೀ ಚೀನಾದ ಬೆಲೆ ಹೊಡೆತ ಅನ್ನುವವರ ಮಾತು ನಾನು ಪೂರ್ತಿ ಒಪ್ಪಲ್ಲ. ಡಿಜೆಐಗೆ ಸ್ವಂತ ಕ್ಯಾಮೆರಾ; ಇವರದ್ದು ಎರವಲು ಗೋಪ್ರೋ. ಆ ಎರವಲು ಕ್ಯಾಮೆರಾ ಏನು ಮಾಡುತ್ತದೆ ಅಂತ ನನ್ನ ಬೆಂಚಿನ ಮೇಲೆ ನೋಡಿದೆನಲ್ಲ!

ಹೊಸ ಮಾಡ್ಯೂಲ್ ಸುಮ್ನೆ ಬಿದ್ದಿರುವುದು ಬೇಡ ಅಂತ ಮಗಳ ಹಳೆಯ ಆಟಿಕೆ ಜೀಪಿನ ಮೇಲೆ ಕಣ್ಣು ಹಾಕಿದ್ದೇನೆ. ಗಾಡಿ ತಾನಾಗಿ ಓಡಿಸುವ ಆರ್ಡುಪೈಲಟ್ ರೋವರ್ ಸಾಫ್ಟ್‌ವೇರ್ ಹಾಕಿದರೆ ಕಸದ ಡಬ್ಬ ರಸ್ತೆವರೆಗೆ ತಾನೇ ಎಳೆಯುತ್ತೆ, ಅಲ್ವಾ? ಅದಕ್ಕೂ ಮುಂಚೆ ಸೋಲೋಗೆ ಬ್ಯಾಟರಿ ಹುಡುಕಬೇಕು. ಕಂಪನಿ ಹೇಳಿದ್ದು 25 ನಿಮಿಷ. ನಿನ್ನೆ 7ಕ್ಕೇ ಉಸ್ಸಪ್ಪಾ ಅಂತ ಇಳಿಯಿತು.